ಎಳೆದು ಇಡುವ ಗೊಂಬೆಗಳು

ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಹಾಲಿಗೆ ನೀರು ಬೆರೆಸಿದ್ದಾರೆ ಅನ್ನುವ ಅನುಮಾನ, ಬಸ್ಸಿನಲ್ಲಿ ಪಕ್ಕದವನು ಸೀಟು ಬಿಟ್ಟುಕೊಡಬೇಕಾಗುತ್ತದೆಂದು ನಿದ್ದೆ ನಟಿಸುತ್ತಿದ್ದಾನೆ ಅನ್ನುವ ಅನುಮಾನ, ಯಾರಾದರೂ ಸುಮ್ಮನೆ ಹೊಗಳಿದರೆ ಇವರಿಗೆ ನನ್ನಿಂದ ಏನೋ ಆಗಬೇಕಿದೆ ಅನ್ನುವ ಅನುಮಾನ. ನನ್ನ ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ. ನಾನು ಎಚ್ಚರಿಕೆ ಅನ್ನುತ್ತಿದ್ದೆ. ಎಲ್ಲೋ ಕೆಲವು ಸಲ ಅನುಮಾನ ನಿಜವಾಗುತ್ತಿತ್ತು. ಅವನ್ನು ಮಾತ್ರ ನೆನಪಿಟ್ಟುಕೊಂಡು ಉಳಿದವನ್ನು ಅನುಕೂಲವಾಗಿ ಮರೆಯುತ್ತಿದ್ದೆ. ಮರೆಯಲಾಗದೆ ಉಳಿದದ್ದು ಒಂದಿದೆ, ಅದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಸಿದ್ದಾಪುರದಲ್ಲಿ ಟೈಪಿಂಗ್ ಕಲಿತೆ. ಕಲಿಸುತ್ತಿದ್ದವರು ಒಬ್ಬ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವುದೇ ಹಾಗೆ, ಅವರ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಒಂದು ಉದ್ದನೆಯ ಕೋಣೆ, ಎದುರು ಬದುರಾಗಿ ಹಳೆಯ ಯಂತ್ರಗಳು. ಕೀಲಿಗಳ ಮೇಲೆ ಅವರು ಬಡಗಿಯಿಂದ ಮಾಡಿಸಿದ ತೆಳು ಹಲಗೆಯ ಡಬ್ಬಿ ಇಡುತ್ತಿದ್ದರು. ಎರಡೂ ಕೈಯನ್ನು ಡಬ್ಬಿಯೊಳಗೆ ತೂರಿಸಿ ಹೊಡೆಯಬೇಕು, ಅಕ್ಷರ ನೋಡುವಂತಿಲ್ಲ. ನೋಡಿ ಹೊಡೆಯುವವನು ಜೀವನಪರ್ಯಂತ ನೋಡಿಯೇ ಹೊಡೆಯುತ್ತಾನೆ ಎನ್ನುವುದು ಅವರ ವಾದ. ಅವರು ತೋರಿಸಿಕೊಡುವಾಗಲೂ ಡಬ್ಬಿ ತೆಗೆಯುತ್ತಿರಲಿಲ್ಲ. ಒಳಗಿನಿಂದ ಟಪಟಪ ಸದ್ದು ಬರುತ್ತಿತ್ತು, ಹಾಳೆಯ ಮೇಲೆ ಒಂದೂ ತಪ್ಪಿಲ್ಲದ ಸಾಲು ಮೂಡುತ್ತಿತ್ತು. ಮುಗಿದ ಕೂಡಲೇ ಎರಡೂ ಕೈ ಸೆರಗಿನೊಳಗೆ ಹೋಗುತ್ತಿದ್ದವು. ಇವರಿಗೆ ಎಷ್ಟು ಗತ್ತು ಎಂದುಕೊಳ್ಳುತ್ತಿದ್ದೆ. ನನ್ನಂಥ ಮೊಂಡನನ್ನು ಸೀನಿಯರ್ ಪರೀಕ್ಷೆ ದಾಟಿಸಿದವರು ಅವರೇ, ಅದನ್ನು ಮಾತ್ರ ಅನುಮಾನವಿಲ್ಲದೆ ಒಪ್ಪುತ್ತೇನೆ.

ಮುಂದೆ ಕಂಪ್ಯೂಟರ್ ಬಂತು, ಟೈಪಿಂಗ್ ಕಲಿಯುವವರು ಇಲ್ಲವಾದರು, ಆ ಕೋಣೆಗೆ ಬೀಗ ಬಿತ್ತು. ನಾನು ಸಿರಸಿಯಲ್ಲಿ ಒಂದು ಮಾಳಿಗೆಯ ಮೇಲೆ ಎರಡು ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾಗದ, ಬಿಲ್ ಪುಸ್ತಕ ಮಾಡಿಕೊಡುತ್ತಿದ್ದವನು ವೆಬ್‌ಸೈಟ್ ಮಾಡುವುದನ್ನು ಕಲಿತೆ. ಎರಡು ಸಾವಿರದ ಆಚೀಚೆಯ ವರ್ಷಗಳವು. ಆಗ ನಮಗೆ ವೆಬ್‌ಸೈಟ್ ಅಂದರೆ ಏನಾದರೊಂದು ಅಲ್ಲಾಡಬೇಕು. ತೆರೆದ ಕೂಡಲೇ ಹೆಸರು ತಿರುಗುತ್ತ ಬರಬೇಕು, ಮೌಸ್ ತಾಗಿಸಿದಲ್ಲಿ ಪಟ್ಟಿ ಬಿಚ್ಚಿಕೊಳ್ಳಬೇಕು, ತೆಗೆದರೆ ಮುಚ್ಚಿಕೊಳ್ಳಬೇಕು. ಸುಮ್ಮನೆ ಅಕ್ಷರ ಇಟ್ಟುಕೊಟ್ಟರೆ ಗಿರಾಕಿ ‘ಇದಕ್ಕೆ ನೋಟೀಸ್ ಬೋರ್ಡೇ ಸಾಕಾಗಿತ್ತಲ್ಲ’ ಅನ್ನುತ್ತಿದ್ದ. ಕನ್ನಡ ಅಕ್ಷರ ಎಲ್ಲರ ಯಂತ್ರದಲ್ಲಿ ಮೂಡುತ್ತಿರಲಿಲ್ಲವಾದ್ದರಿಂದ ಊರಿನ ಹೆಸರುಗಳನ್ನೆಲ್ಲ ಚಿತ್ರವಾಗಿ ಬರೆದು ಅಂಟಿಸುತ್ತಿದ್ದೆ. ನಾಲ್ಕು ಹೆಸರು ಮೂಡುವುದರೊಳಗೆ ಒಂದು ಎಲೆಯಡಿಕೆಯ ಕವಳ ಹಾಕಿ ಮುಗಿಸಬಹುದಿತ್ತು. ಅದೇ ಬೀದಿಯಲ್ಲಿ ಇನ್ನೊಬ್ಬ ಇದೇ ಕೆಲಸ ಶುರು ಮಾಡಿದ್ದ. ಅವನು ನನ್ನ ಗಿರಾಕಿಗಳ ಕಿವಿ ಊದುತ್ತಾನೆ ಎಂದು ನನಗೆ ಖಾತ್ರಿಯಿತ್ತು.

ಆ ಹೊತ್ತಿಗೆ ಯಲ್ಲಾಪುರದ ಒಂದು ಬೆಳೆಗಾರರ ಸಂಘದ ಅಧ್ಯಕ್ಷರು ಕರೆಸಿಕೊಂಡರು. ಅಡಕೆ ಕೊನೆಗಳಿಗೆ, ಅಂದರೆ ಗೊಂಚಲುಗಳಿಗೆ, ಕೊಳೆರೋಗ ಬಾರದ ಹಾಗೆ ಮಳೆ ಹಿಡಿಯುವುದರೊಳಗೆ ಮದ್ದು ಹೊಡೆಸಬೇಕು. ಮರ ಹತ್ತುವವರು ಕಡಿಮೆ, ತೋಟ ಹೆಚ್ಚು. ಹಾಗಾಗಿ ಸಂಘವೇ ಮರ ಹತ್ತುವವರ ಕೆಲವು ತಂಡ ಕಟ್ಟಿ, ಯಾವ ಊರಿಗೆ ಯಾವ ದಿನ ಅಂತ ಪಾಳಿ ಹಾಕಿ ಕಳಿಸುತ್ತಿತ್ತು. ಬೆಳೆಗಾರರು ಫೋನ್ ಮಾಡಿ ದಿನ ಕೇಳುತ್ತಿದ್ದರು. ಪಾಳಿ ತಪ್ಪಿದರೆ ಕೊನೆ ಉದುರಿತೆಂದೇ ಲೆಕ್ಕ, ಆದ್ದರಿಂದ ಪಾಳಿಪಟ್ಟಿಯ ಮೇಲೆ ಎಲ್ಲರದ್ದೂ ಕಣ್ಣು. ಪಟ್ಟಿಯನ್ನು ವೆಬ್‌ಸೈಟಿಗೆ ಹಾಕಿಬಿಟ್ಟರೆ ಯಾರೂ ತಕರಾರು ಮಾಡುವುದಿಲ್ಲ ಎನ್ನುವುದು ಅಧ್ಯಕ್ಷರ ಯೋಚನೆ. ಪಕ್ಕದ ತಾಲೂಕಿನ ಸಂಘ ಮಾಡಿಸುವುದರೊಳಗೆ ತಾವು ಮಾಡಿಸಬೇಕು ಎನ್ನುವುದೂ ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಕೈಚಳಕವನ್ನೆಲ್ಲ ಅದಕ್ಕೆ ಸುರಿದೆ. ಎಡಗಡೆ ಊರುಗಳು: ಅರಬೈಲ್, ಮಂಚಿಕೇರಿ, ವಜ್ರಳ್ಳಿ, ಹೀಗೆ ಒಂದರ ಕೆಳಗೊಂದು. ಮೇಲೆ ತಾರೀಕುಗಳು. ನಡುವೆ ಸಣ್ಣ ಸಣ್ಣ ಚೌಕ. ಒಂದೊಂದು ತಂಡಕ್ಕೆ ಒಂದೊಂದು ಬಣ್ಣದ ಗೊಂಬೆ, ಸೊಂಟಕ್ಕೆ ಹಗ್ಗ, ಹೆಗಲಿಗೆ ದೋಟಿ ಕೋಲು. ಮೌಸಿನಿಂದ ಗೊಂಬೆಯನ್ನು ಒತ್ತಿ ಹಿಡಿದು, ಎಳೆದುಕೊಂಡು ಹೋಗಿ ಬೇಕಾದ ಚೌಕದಲ್ಲಿ ಬಿಟ್ಟರೆ ಅದು ಅಡಕೆ ಮರ ಹತ್ತಿ ಕೂರುತ್ತಿತ್ತು. ಆ ಊರಿನ ಹೆಸರು ಕಾಣಬೇಕಾದರೆ ಅದರ ಸಾಲಿಗೆ ಮೌಸ್ ತಾಗಿಸಬೇಕು, ಸರಿದರೆ ಹೆಸರು ಮಾಯ. ಅಧ್ಯಕ್ಷರು ಬಂದವರಿಗೆಲ್ಲ ಗೊಂಬೆ ಹತ್ತಿಸಿ ತೋರಿಸಿದರು. ನನ್ನ ಎದೆ ಉಬ್ಬಿತ್ತು.

ಇದನ್ನು ದಿನಾ ನಡೆಸುವವರು ಯಾರು ಎಂದು ಕೇಳಿದೆ. ಫೋನಿನ ಹತ್ತಿರ ಕೂತಿದ್ದವರನ್ನು ತೋರಿಸಿದರು. ನೋಡಿದರೆ ನಮ್ಮ ಅಕ್ಕೋರು. ತಲೆ ಬೆಳ್ಳಗಾಗಿತ್ತು, ಕೈ ಸೆರಗಿನೊಳಗೇ ಇತ್ತು. ಟೈಪಿಂಗ್ ನಿಂತ ಮೇಲೆ ಅವರು ಸಂಘ ಸೇರಿಕೊಂಡು ಫೋನಿನಲ್ಲಿ ಕೇಳಿದ್ದನ್ನು ಟೈಪ್ ಮಾಡಿ ಪಾಳಿಪಟ್ಟಿ ಗೋಡೆಗೆ ಅಂಟಿಸುತ್ತಿದ್ದರಂತೆ. ಕೆಲಸ ಕಾಯಂ ಆಗಿರಲಿಲ್ಲ. ಗಂಡ ತೀರಿಕೊಂಡಿದ್ದರು, ಬೇರೆ ಆದಾಯವಿರಲಿಲ್ಲ. ಈ ಮದ್ದಿನ ಹಂಗಾಮು ಹೊಸ ಪದ್ಧತಿಯಲ್ಲಿ ಸರಿಯಾಗಿ ನಡೆಸಿದರೆ ಕಮಿಟಿಯವರು ಕಾಯಂ ಮಾಡುತ್ತಾರೆ, ಇಲ್ಲವಾದರೆ ಕಂಪ್ಯೂಟರ್ ಬರುವ ಯಾರನ್ನಾದರೂ ನೋಡುತ್ತಾರೆ. ಇದನ್ನು ಅಧ್ಯಕ್ಷರು ಅವರ ಎದುರಿಗೇ ನನಗೆ ಹೇಳಿದರು.

ನಾನು ಕುರ್ಚಿ ಎಳೆದುಕೊಂಡು ಎಲ್ಲ ತೋರಿಸಿದೆ. ಅವರು ಬಗ್ಗಿ ನೋಡಿದರು. “ಒಂದ್ಸಲ ನೀವೇ ಹಿಡಿದು ನೋಡಿ ಅಕ್ಕೋರೆ” ಎಂದು ಮೌಸ್ ಸರಿಸಿದೆ. ಅವರು ಮುಟ್ಟಲಿಲ್ಲ.

“ಚಂದ ಇದ್ದು ತಮಾ. ಇದ್ನ ಕೀಲಿ ಹೊಡೆದೇ ಮಾಡಲೆ ಆಗ್ತಿಲ್ಯ? ಊರಿಗೊಂದು ನಂಬರ್ ಕೊಡು. ಆನು ನಂಬರ್ ಹೊಡೆದು, ತಾರೀಕು ಹೊಡೆದು, ಎಂಟರ್ ಒತ್ತಿಬಿಡ್ತೆ.”

“ಅದೆಲ್ಲ ಹಳೇ ಕಾಲದ್ದು ಅಕ್ಕೋರೆ. ಈಗ ಎಲ್ಲ ಕಡೆ ಹಿಂಗೇಯ.”

“ಮೌಸು ಯಂಗೆ ರೂಢಿ ಇಲ್ಲೆ.”

“ಎರಡು ದಿನಕ್ಕೆ ರೂಢಿ ಆಗ್ತು.”

ಅವರು ಮತ್ತೆ ಕೇಳಲಿಲ್ಲ. ಅರಬೈಲ್ ಕಡೆಯಿಂದ ಫೋನ್ ಬಂತು, ಎತ್ತಿಕೊಂಡರು. ಸಿರಸಿಗೆ ಬರುವ ಬಸ್ಸಿನಲ್ಲಿ ಕೂತವನಿಗೆ ತಲೆಯೊಳಗೆ ಹುಳ ಹೊಕ್ಕಿತು. ಕಂಪ್ಯೂಟರಿನಿಂದಲೇ ಇವರ ಇನ್‌ಸ್ಟಿಟ್ಯೂಟು ಮುಚ್ಚಿದ್ದು, ಆ ಹೊಟ್ಟೆಉರಿ ಇರದೆ ಇದ್ದೀತೇ. ನಂಬರ್ ಹೊಡೆಯುವ ಯೋಚನೆ ಇವರದ್ದೇ ಇರಲಿಕ್ಕಿಲ್ಲ, ನಮ್ಮ ಬೀದಿಯವನು ಹೇಳಿಕೊಟ್ಟಿರಬೇಕು. ನನ್ನ ಗೊಂಬೆಗಳನ್ನು ಕಿತ್ತುಹಾಕಿಸಿದರೆ ಆಮೇಲೆ ಕೆಲಸ ಅವನಿಗೆ ಹೋಗುತ್ತದೆ. ಮಂಚಿಕೇರಿ ದಾಟುವುದರೊಳಗೆ ಇಷ್ಟೂ ನನಗೆ ನಿಜವಾಗಿಬಿಟ್ಟಿತ್ತು.

ಹದಿನೈದು ದಿನಕ್ಕೆ ತಕರಾರು ಶುರುವಾಯಿತು. ಮಂಚಿಕೇರಿಯವರೊಬ್ಬರು ಮದ್ದು ಕಲಸಿ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕಾದರೂ ತಂಡ ಬರಲಿಲ್ಲ. ಅದೇ ದಿನ ವಜ್ರಳ್ಳಿಯಲ್ಲಿ ಎರಡು ತಂಡ ಬಂದು ಯಾರ ತೋಟ ಹೊಗಬೇಕೆಂದು ತಿಳಿಯದೆ ಕೂತಿದ್ದವು. ಮುಂದಿನ ವಾರ ಮತ್ತೆ ಹಾಗೇ ಆಯಿತು. ಅಧ್ಯಕ್ಷರು ಫೋನಿನಲ್ಲಿ ನನ್ನ ಮೇಲೆ ಹರಿಹಾಯ್ದರು. ಗೋಡೆಗೆ ಹಾಳೆ ಅಂಟಿಸುವಾಗ ಒಂದು ದಿನವೂ ಹೀಗಾಗಿರಲಿಲ್ಲವಂತೆ.

ನನ್ನ ಪುಟದಲ್ಲಿ ತಪ್ಪಿರಲು ಸಾಧ್ಯವೇ ಇಲ್ಲವೆಂದು ಹೇಳಿದೆ. ಕೂತು ನೂರು ಸಲ ಗೊಂಬೆ ಎಳೆದು ನೋಡಿದೆ, ಬಿಟ್ಟಲ್ಲೇ ಬೀಳುತ್ತಿತ್ತು. ಹಾಗಿದ್ದರೆ ತಪ್ಪು ಗೊಂಬೆಯದ್ದಲ್ಲ, ಇಡುವವರದ್ದು. ಅದೂ ಪ್ರತಿಸಲ ವಜ್ರಳ್ಳಿಗೇ ಯಾಕೆ ಹೆಚ್ಚುವರಿ ತಂಡ? ಅಲ್ಲಿ ಇಲ್ಲಿ ವಿಚಾರಿಸಿದೆ. ಅಕ್ಕೋರ ತವರು ವಜ್ರಳ್ಳಿ. ಅಣ್ಣನ ತೋಟ ಅಲ್ಲೇ ಇದೆ. ಇದು ತಿಳಿದ ದಿನ ನನಗೆ ಖುಷಿಯಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಖುಷಿಯೇ. ನನ್ನ ಪರದೆಯಲ್ಲಿ ಮಂಚಿಕೇರಿಯ ಸಾಲಿಗೆ ತಾಗಿ ಕೆಳಗಿರುವುದು ವಜ್ರಳ್ಳಿಯ ಸಾಲು, ನಡುವೆ ಇರುವುದು ಕೂದಲೆಳೆಯಷ್ಟು ಗೆರೆ. ಆ ಗೆರೆಯನ್ನು ಎಳೆದವನು ನಾನೇ. ಅದು ಮಾತ್ರ ಹೊಳೆಯಲಿಲ್ಲ.

ಪುಟದೊಳಗೆ ಒಂದು ಗುಟ್ಟಿನ ದಾಖಲೆ ಸೇರಿಸಿದೆ. ಗೊಂಬೆಯನ್ನು ಯಾವಾಗ ಎತ್ತಿದರು, ಎಲ್ಲಿ ಬಿಟ್ಟರು, ಮತ್ತೆ ಯಾವಾಗ ಎತ್ತಿದರು ಎಲ್ಲವೂ ಗಂಟೆ ನಿಮಿಷದ ಸಮೇತ ಬರೆದುಕೊಳ್ಳುವ ಹಾಗೆ. ಅಕ್ಕೋರಿಗೆ ಹೇಳಲಿಲ್ಲ. ಅಧ್ಯಕ್ಷರಿಗೂ ಹೇಳಲಿಲ್ಲ. ಸಿರಸಿಯ ಮಾಳಿಗೆಯಲ್ಲಿ ಕೂತು ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಓದುವುದು ನನ್ನ ರೂಢಿಯಾಯಿತು.

ಮೂರನೆಯ ದಿನ ನನಗೆ ಬೇಕಾದದ್ದು ಸಿಕ್ಕಿತು. ಹನ್ನೊಂದು ಗಂಟೆಯಿಂದ ಇಪ್ಪತ್ತು ನಿಮಿಷ ಒಂದೇ ಗೊಂಬೆ. ಮಂಚಿಕೇರಿಯಲ್ಲಿ ಬಿಟ್ಟಿದ್ದಾರೆ, ಎತ್ತಿದ್ದಾರೆ, ವಜ್ರಳ್ಳಿಯಲ್ಲಿ ಬಿಟ್ಟಿದ್ದಾರೆ, ಎತ್ತಿದ್ದಾರೆ, ಮಂಚಿಕೇರಿಯ ಮರುದಿನಕ್ಕೆ ಹಾಕಿದ್ದಾರೆ, ಮತ್ತೆ ವಜ್ರಳ್ಳಿ. ಒಂಬತ್ತು ಸಲ ಎತ್ತಿ ಇಟ್ಟು, ಕೊನೆಗೆ ವಜ್ರಳ್ಳಿಯಲ್ಲೇ ಬಿಟ್ಟಿದ್ದಾರೆ. ನಾನು ಓದಿಕೊಂಡದ್ದು ಹೀಗೆ: ಇವರು ಅಣ್ಣನ ಜೊತೆ ಫೋನಿನಲ್ಲಿ ಮಾತಾಡುತ್ತ, ಯಾವ ದಿನ ಅನುಕೂಲ ಎಂದು ಕೇಳಿ ಕೇಳಿ ಗೊಂಬೆ ಸರಿಸಿದ್ದಾರೆ. ಬೇರೆ ಅರ್ಥ ಇರಬಹುದೆಂದು ತಲೆಗೆ ಬರಲೇ ಇಲ್ಲ. ಅದನ್ನೆಲ್ಲ ಹಾಳೆಯಲ್ಲಿ ಮುದ್ರಿಸಿಕೊಂಡು, ವಜ್ರಳ್ಳಿ ಎಂದಿದ್ದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಮೊದಲ ಬಸ್ಸಿಗೆ ಯಲ್ಲಾಪುರಕ್ಕೆ ಹೋದೆ.

ಅಧ್ಯಕ್ಷರು ಹಾಳೆ ತಿರುವಿ ನೋಡಿದರು. ಬಾಯಲ್ಲಿ ಕವಳ ಇದ್ದುದರಿಂದ ಕೈಸನ್ನೆಯಲ್ಲೇ ಅಕ್ಕೋರನ್ನು ಕರೆಸಿದರು. ಅವರು ಬಂದು ನಿಂತರು. ನಾನೇ ಓದಿ ಹೇಳಿದೆ, ಒಂಬತ್ತು ಸಲದ್ದನ್ನೂ, ವಜ್ರಳ್ಳಿಯ ಅಣ್ಣನ ತೋಟದ ವಿಷಯವನ್ನೂ. ಧ್ವನಿ ಸ್ವಲ್ಪ ಜೋರಾಗಿಯೇ ಇತ್ತು.

ಅಕ್ಕೋರು ಅಣ್ಣನ ವಿಷಯ ಎತ್ತಲಿಲ್ಲ. ಹಾಳೆಯನ್ನೇ ನೋಡುತ್ತ ಕೇಳಿದರು, “ಇದ್ನ ಬರೆದವ್ರು ಯಾರು?”

“ಕಂಪ್ಯೂಟರ್ ತಾನಾಗೇ ಬರೀತು.”

“‘ಬರಿ’ ಹೇಳಿ ಅದಕ್ಕೆ ಹೇಳಿದ್ದು ಯಾರು?”

ಅಧ್ಯಕ್ಷರು ಎದ್ದು ಕಿಟಕಿಯಾಚೆ ಉಗುಳಿ ಬಂದರು. “ಅಕ್ಕೋರೆ, ಒಂದ್ಸಲ ನಮ್ಮೆದ್ರಿಗೆ ಇಟ್ಟು ತೋರ್ಸಿ. ಮಂಚಿಕೇರಿಗೆ, ನಾಳಿನ ತಾರೀಕಿಗೆ. ತಪ್ಪು ಗೊಂಬೆದಾ, ಮನುಷ್ಯರದ್ದಾ ತಿಳೀಲಿ. ಕಮಿಟಿಯವ್ರಿಗೆ ಎಂತಾರೂ ಹೇಳ್ಬೇಕಲ ನಾನು” ಎಂದರು.

ಅಕ್ಕೋರು ಕುರ್ಚಿಯಲ್ಲಿ ಕೂತು ಸೆರಗಿನಿಂದ ಬಲಗೈ ತೆಗೆದು ಮೌಸಿನ ಮೇಲಿಟ್ಟರು. ಕೈ ನಡುಗುತ್ತಿತ್ತು. ಹೆದರಿಕೆಯ ನಡುಕ ಎಂದು ಒಂದು ಗಳಿಗೆ ನನಗೆ ಸಮಾಧಾನವೂ ಆಯಿತು. ಆದರೆ ಅದು ಹೆದರಿಕೆಯದಾಗಿರಲಿಲ್ಲ. ಗುರಿ ಹತ್ತಿರವಾದಷ್ಟೂ ನಡುಕ ಹೆಚ್ಚುತ್ತಿತ್ತು. ಪರದೆಯ ಮೇಲೆ ನನ್ನ ಗೊಂಬೆ ಅಡ್ಡಾದಿಡ್ಡಿ ಕುಣಿಯುತ್ತ ಹೋಗಿ ಬೇರೆ ತಾರೀಕಿನಲ್ಲಿ ಬಿತ್ತು. ಎತ್ತಿದರು. ಮೌಸ್ ಸರಿದು ಊರಿನ ಹೆಸರು ಮುಚ್ಚಿಕೊಂಡಿತು. ಮತ್ತೆ ತೆರೆದರು. ಎಡಗೈಯನ್ನೂ ತೆಗೆದು ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಡಗೈಯೂ ನಡುಗುತ್ತಿತ್ತು. ಮಂಚಿಕೇರಿಯ ಚೌಕದ ಮೇಲೆ ಬಂದಾಗ ಉಸಿರು ಬಿಗಿಹಿಡಿದು ಬೆರಳೆತ್ತಿದರು, ಎತ್ತುವಾಗ ಕೈ ತುಸು ಕೆಳಕ್ಕೆ ಜಗ್ಗಿತು. ಗೊಂಬೆ ವಜ್ರಳ್ಳಿಯಲ್ಲಿ ಮರ ಹತ್ತಿ ಕೂತಿತು.

ಕಚೇರಿಯ ಜವಾನ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

“ಸಾಕು ಅಕ್ಕೋರೆ, ಬಿಡಿ” ಎಂದರು ಅಧ್ಯಕ್ಷರು.

ಅಕ್ಕೋರು ಬಿಡಲಿಲ್ಲ. ಮತ್ತೆರಡು ಸಲ ಮಾಡಿ ಮಂಚಿಕೇರಿಗೇ ಇಟ್ಟು ಕೈ ತೆಗೆದರು. “ಸಿದ್ದಾಪುರದಲ್ಲಿ ಇದ್ದಾಗಿಂದೂ ಹೀಂಗೇಯ. ಕೀಲಿ ಹೊಡೆಯಲೆ ಎಂತ ತೊಂದ್ರೆ ಇಲ್ಲೆ, ಮಣಿಕಟ್ಟು ಊರಿ ಕೂತ್ರೆ ಬೆರಳು ಬೇಕಾದಲ್ಲೇ ಹೋಗ್ತು. ಒತ್ತದು ಬೇರೆ ತಮಾ, ಒತ್ತಿ ಹಿಡಕಂಡು ಸಾಗ್ಸದು ಬೇರೆ. ಕೈ ನಡುಗೋ ಟೀಚರ್ ಹತ್ರ ಯಾರು ಟೈಪಿಂಗ್ ಕಲಿಯಲೆ ಮಕ್ಕಳ ಕಳಸ್ತ? ಅದ್ಕೇ ಡಬ್ಬಿ ಮಾಡ್ಸಿದ್ದು. ಇಲ್ಲೂ ಹೇಳಿದ್ನಿಲ್ಲೆ. ಹೇಳಿದ್ರೆ ಕಾಯಂ ಮಾಡ್ತಿದ್ರಾ?”

ಕೊನೆಯದ್ದನ್ನು ಅವರು ಅಧ್ಯಕ್ಷರ ಮುಖ ನೋಡಿ ಕೇಳಿದರು. ಅಧ್ಯಕ್ಷರು ನನ್ನ ಹಾಳೆಯನ್ನು ಮಡಚಿ ಮಡಚಿ ಸಣ್ಣದು ಮಾಡುತ್ತಿದ್ದರು. ಒಂಬತ್ತು ಸಲ ಎತ್ತಿ ಇಟ್ಟದ್ದು ಸಂಚು ಎಂದು ನಾನು ಓದಿದ್ದೆ. ಅದು ಒಬ್ಬ ಹೆಂಗಸು ಸರಿಯಾದ ಕಡೆ ಇಡಬೇಕೆಂದು ಇಪ್ಪತ್ತು ನಿಮಿಷ ಒದ್ದಾಡಿದ ದಾಖಲೆಯಾಗಿತ್ತು. ಇಟ್ಟಾಯಿತು ಎಂದು ಅವರು ಕೈಬಿಟ್ಟಾಗ ಗೊಂಬೆ ಒಂದು ಗೆರೆ ಕೆಳಗೆ ಬಿದ್ದದ್ದು, ಹೆಸರು ಮುಚ್ಚಿಕೊಂಡದ್ದರಿಂದ ಅವರಿಗೆ ಕಾಣಲೂ ಇಲ್ಲ.

ಅಲ್ಲೇ ಕೂತು ಪುಟ ತಿದ್ದಿದೆ. ಊರಿನ ಹೆಸರುಗಳು ಯಾವಾಗಲೂ ಕಾಣುವ ಹಾಗೆ ಮಾಡಿದೆ, ಪಕ್ಕಕ್ಕೆ ನಂಬರ್ ಹಾಕಿದೆ. ಕೆಳಗೆ ಮೂರು ಖಾನೆ: ಊರು, ತಾರೀಕು, ತಂಡ. ಹೊಡೆದು ಎಂಟರ್ ಒತ್ತಿದರೆ ಗೊಂಬೆ ತಾನಾಗಿ ನಡೆದುಹೋಗಿ ಮರ ಹತ್ತುತ್ತಿತ್ತು. ಎಳೆಯುವುದು ಬೇಕಾದವರು ಎಳೆಯಲಿ ಎಂದು ಅದನ್ನೂ ಬಿಟ್ಟೆ. ಅಧ್ಯಕ್ಷರ ಖುಷಿಗೂ ಭಂಗವಿಲ್ಲ. ಇಷ್ಟಕ್ಕೆ ಹಿಡಿದದ್ದು ಒಂದು ಗೊಂಬೆಯ ಸೊಂಟದ ಹಗ್ಗಕ್ಕೆ ಬಣ್ಣ ಹಾಕಲು ಹಿಡಿದಷ್ಟು ಹೊತ್ತು. ಮೊದಲ ದಿನವೇ ಅವರು ಕೇಳಿದ್ದು ಇದನ್ನೇ. ಅಲ್ಲಾಡುವುದು ತಪ್ಪಲ್ಲ, ಚಂದ ಮಾಡುವುದೂ ತಪ್ಪಲ್ಲ. ಅಲ್ಲಾಡಿಸಲು ಬಾರದವರು ಹೊರಗೇ ನಿಲ್ಲುವಂತೆ ಮಾಡಿದ್ದು ತಪ್ಪು, ಅದರ ಮೇಲೆ ಅವರನ್ನೇ ಕಳ್ಳರೆಂದದ್ದು ಇನ್ನೂ ದೊಡ್ಡ ತಪ್ಪು.

ಅಕ್ಕೋರು ಮಣಿಕಟ್ಟನ್ನು ಮೇಜಿಗೆ ಊರಿ ಕೂತರು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮುಂಡಗೋಡ ಗಡಿಯ ಕಡೆಯ ಯಾರಿಗೋ ದಿನ ಹೇಳುತ್ತ, ಹೇಳಿ ಮುಗಿಸುವುದರೊಳಗೆ ಹೊಡೆದೂ ಮುಗಿಸಿದರು. ಆ ಕಡೆಯವರು “ಇಷ್ಟ್ ಲಗೂ ಆತೇನ್ರಿ” ಅಂದದ್ದು ನನಗೂ ಕೇಳಿಸಿತು. ಆಮೇಲಿನ ಪಾಳಿಗಳಲ್ಲಿ ತಕರಾರು ಬರಲಿಲ್ಲ. ಹಂಗಾಮು ಮುಗಿದ ಮೇಲೆ ಕಮಿಟಿಯವರು ಅವರನ್ನು ಕಾಯಂ ಮಾಡಿದರು. ಕೈಯ ವಿಷಯ ಜವಾನನ ಬಾಯಿಂದ ಪೇಟೆಗೆಲ್ಲ ತಿಳಿದಿತ್ತು, ಹಾಗಾಗಿ ಇಷ್ಟು ವರ್ಷ ಕಾದಿಟ್ಟ ಗುಟ್ಟು ಅವರ ಪಾಲಿಗೆ ಉಳಿಯಲಿಲ್ಲ. ಅದನ್ನು ತೆಗೆದುಕೊಂಡವನು ನಾನು.

ಕಾಯಂ ಆದ ಸುದ್ದಿ ಕೇಳಿ ಯಲ್ಲಾಪುರಕ್ಕೆ ಹೋದೆ. ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ತಪ್ಪಾಯಿತು ಎಂದೆ. ಅವರು ಕುರ್ಚಿ ತೋರಿಸಿದರು. ಚಾ ತರಿಸಿದರು.

“ಆ ಬರ್ಕಂಬದು ಇದ್ದಲ, ಅದ್ನ ತೆಗೆದ್ಯ?”

“ಅವತ್ತೇ ತೆಗೆದಿದ್ದಿ ಅಕ್ಕೋರೆ.”

“ತೆಗೆದಿದ್ದೆ ಹೇಳಿ ಯಂಗೆ ಗೊತ್ತಪ್ಪದು ಹೆಂಗೆ?”

ನಾನು ಎದ್ದು ಕಂಪ್ಯೂಟರ್ ತಿರುಗಿಸಿ ಪುಟದ ಒಳಗನ್ನೆಲ್ಲ ತೆರೆದು ತೋರಿಸಿದೆ. ಮೇಲಿನಿಂದ ಕೆಳಗೆ ಸಾಲು ಸಾಲು ಇಂಗ್ಲಿಷ್ ಅಕ್ಷರ, ಆವರಣ, ಚಿಹ್ನೆ. ಇಲ್ಲಿತ್ತು, ಈಗ ಇಲ್ಲ, ನೋಡಿ ಎಂದು ಬೆರಳಿಟ್ಟೆ. ಇಲ್ಲದ್ದನ್ನು ತೋರಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಎಲ್ಲರ ಹತ್ತಿರವೂ ಪುರಾವೆ ಕೇಳಿಕೊಂಡು ಬದುಕಿದವನ ಹತ್ತಿರ ಆವತ್ತು ಕೊಡಲು ಒಂದೂ ಪುರಾವೆ ಇರಲಿಲ್ಲ.

ಅವರು ಕೊನೆಯ ಸಾಲಿನವರೆಗೂ ನೋಡಿದರು.

“ಇದ್ನೆಲ್ಲ ಓದಲೆ ಯಂಗೆ ಬತ್ತಿಲ್ಲೆ ತಮಾ. ನೀ ಹೇಳಿದ್ದ ನಂಬವು, ಅಷ್ಟೇಯ.”

ನಂಬಿದೆ ಎಂದು ಅವರು ಹೇಳಲಿಲ್ಲ. ಫೋನ್ ಹೊಡೆದುಕೊಂಡಿತು, ಎತ್ತಿಕೊಂಡರು. ನಾನು ಚಾ ಕುಡಿದು ಬಂದೆ. ಆ ಮೇಲಿನ ವರ್ಷಗಳಲ್ಲಿ ಪುಟಕ್ಕೆ ಏನು ತೊಂದರೆಯಾದರೂ ನನಗೆ ಫೋನ್ ಮಾಡುತ್ತಿದ್ದವರು ಅಧ್ಯಕ್ಷರು, ಅಕ್ಕೋರಲ್ಲ.